ಹಸಿವೆಲ್ಲವೂ ವ್ರತವಲ್ಲ
ಶಕ್ತಿತಸ್ತಪದ ಬೆಳಕಿನಲ್ಲಿ ಶ್ರಾವಿಕೆಯ ಆಹಾರ, ಆರೋಗ್ಯ ಮತ್ತು ಮನಶ್ಶಾಂತಿ

ಶ್ರೀ ವೀತರಾಗಾಯ ನಮಃ

ಕೃಷ್ಣೆ ಮತ್ತು ಘಟಪ್ರಭೆಯರ ನೀರುಂಡು ಬೆಳೆದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ದಿಗಂಬರ ಜೈನ ಗೃಹಗಳು ಇಂದಿಗೂ ತಮ್ಮ ಕುಲಾಚಾರವನ್ನು ಉಳಿಸಿಕೊಂಡು ಬಂದಿವೆ. ನೀರನ್ನು ಸೋಸಿ ಕುಡಿಯುವುದು, ಕಂದಮೂಲಗಳನ್ನು ವರ್ಜಿಸುವುದು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವುದು, ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನವನ್ನೋ ಉಪವಾಸವನ್ನೋ ಆಚರಿಸುವುದು ಇವೆಲ್ಲ ಇಲ್ಲಿನ ಮನೆಗಳ ಭೂಷಣಗಳು. ಈ ಭೂಷಣಗಳನ್ನು ಕಾಪಾಡಿಕೊಂಡು ಬಂದವರಲ್ಲಿ ಶ್ರಾವಿಕೆಯರೇ ಅಗ್ರಗಣ್ಯರು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಶ್ರಾವಿಕೆಯ ಊಟವನ್ನು ಕುರಿತು ಆ ಮನೆಗಳು ಎಷ್ಟು ವಿಚಾರ ಮಾಡುತ್ತವೆ?

ಒಂದು ಸಾಧಾರಣ ಮನೆಯ ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಮಾಗಿಯ ದಿನಗಳಲ್ಲಿ ಈ ಸೀಮೆಯಲ್ಲಿ ಸೂರ್ಯನು ಆರು ಗಂಟೆಯ ಸುಮಾರಿಗೇ ಅಸ್ತಂಗತನಾಗುತ್ತಾನೆ. ನಾಲ್ಕೂವರೆಗೆ ಒಲೆಯ ಮುಂದೆ ಕುಳಿತ ಗೃಹಿಣಿಯು ಮೊದಲು ಮಾವನಿಗೆ ಬಡಿಸುತ್ತಾಳೆ. ಬಳಿಕ ಶಾಲೆಯಿಂದ ಬಂದ ಮಕ್ಕಳಿಗೆ, ಅತ್ತೆಗೆ. ಕಡೆಗೆ ಹೊಲದಿಂದಲೋ ಅಂಗಡಿಯಿಂದಲೋ ಅವಸರದಲ್ಲಿ ಬಂದ ಗಂಡನಿಗೆ. ಮಗ್ಗದ ಮನೆಯಾದರೆ ನಡುವೆ ಕಂಡಿಕೆ ಸುತ್ತುವ ಕೆಲಸವೂ ಉಂಟು. ಎಲ್ಲರ ತಾಟು ಎತ್ತಿ ಅವಳು ಹೊರಗೆ ಇಣುಕಿದಾಗ ಪಡುವಣದ ಕೆಂಪು ಮಾಸಿರುತ್ತದೆ. ಅತ್ತೆ ಕೇಳುತ್ತಾಳೆ: "ನೀ ಉಂಡಿ ಏನವ್ವಾ?" ಸೊಸೆ ನಕ್ಕು ಹೇಳುತ್ತಾಳೆ: "ಹೊತ್ತ ಮುಳುಗಿತ್ರಿ ಅತ್ತಿ, ಇನ್ನ ನಾಳೀಗೆ ಉಂಡರಾತು." ಮನೆಯವರು ಅವಳ ವ್ರತನಿಷ್ಠೆಯನ್ನು ಮೆಚ್ಚಿಕೊಳ್ಳುತ್ತಾರೆ. ಮರುದಿನವೂ ಹಾಗೆಯೇ ಆಗುತ್ತದೆ.

ಇಲ್ಲಿ ವ್ರತ ಯಾವುದು, ಮನೆಯ ಅಲಕ್ಷ್ಯ ಯಾವುದು? ರಾತ್ರಿ ಉಣ್ಣಬಾರದೆಂಬುದು ಅವಳ ನಿಯಮ, ಅದು ಪೂಜ್ಯವಾದದ್ದು. ಆದರೆ ಹಗಲಿನಲ್ಲಿ ಉಣ್ಣಬಾರದೆಂದು ಅವಳು ಸಂಕಲ್ಪಿಸಿರಲಿಲ್ಲ. ಸಂಕಲ್ಪಪೂರ್ವಕವಾಗಿ, ತಿಳಿದು, ಪ್ರಸನ್ನಚಿತ್ತದಿಂದ ಬಿಟ್ಟದ್ದು ಮಾತ್ರ ತ್ಯಾಗವೆನಿಸುತ್ತದೆ. ಸಿಗದೆ ಹೋದದ್ದು ತ್ಯಾಗವಲ್ಲ, ಹಸಿವೆಲ್ಲವೂ ವ್ರತವಲ್ಲ. ಅವಮೌದರ್ಯವೆಂಬ ಬಾಹ್ಯತಪವು ಹೊಟ್ಟೆಯನ್ನು ಕೊಂಚ ಖಾಲಿ ಬಿಡುವ ಸ್ವಾಧೀನದ ಅಭ್ಯಾಸವೇ ಹೊರತು, ಮಿಕ್ಕಿದ್ದರಲ್ಲಿ ಹೊಟ್ಟೆ ಹೊರೆಯುವ ಅನಿವಾರ್ಯತೆಗೆ ಇಟ್ಟ ಹೆಸರಲ್ಲ.

ಈ ವಿಷಯದಲ್ಲಿ ಆಗಮದ ಮಾತು ನಿಸ್ಸಂದಿಗ್ಧವಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಶಕ್ತಿಮೀರಿದ ಭಾರ ಹೊರಿಸುವುದು ನಾಲ್ಕನೆಯದು. ಹೊತ್ತಿಗೆ ಅನ್ನನೀರು ದೊರೆಯದಂತೆ ಮಾಡುವುದು ಐದನೆಯದು. ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು ಸಿಂಗರಿಸಿ, ಅವು ಮೇಯುವವರೆಗೆ ಕಾದು ನಿಲ್ಲುವ ಈ ನಾಡಿನ ರೈತನಿಗೆ ಈ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಕಪ್ರಾಣಿಗೆ ಸಲ್ಲುವ ಕರುಣೆಯು ಮನೆಯ ತಾಯಿಗೆ ಸಲ್ಲಬಾರದೆ? ಅದೇ ಗ್ರಂಥದ ಆರನೆಯ ಅಧ್ಯಾಯವು ಪರರಿಗೆ ವಿಘ್ನವನ್ನುಂಟುಮಾಡುವುದೇ ಅಂತರಾಯಕರ್ಮದ ಆಸ್ರವಕ್ಕೆ ಕಾರಣವೆಂದು ತಿಳಿಸುತ್ತದೆ. ಮುನಿಮಹಾರಾಜರ ಆಹಾರಕ್ಕೆ ಅಂತರಾಯ ಬರಬಾರದೆಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಆಹಾರವನ್ನು ಸಿದ್ಧಪಡಿಸಿದ ಶ್ರಾವಿಕೆಯ ಊಟಕ್ಕೆ ಮಾತ್ರ ದಿನನಿತ್ಯ ಅಂತರಾಯ! ಮಗು ಅಳುತ್ತದೆ, ನೆಂಟರು ಬರುತ್ತಾರೆ, ಅಂಗಡಿಯಿಂದ ಕರೆ ಬರುತ್ತದೆ, ತುತ್ತು ತಾಟಿನಲ್ಲೇ ಉಳಿಯುತ್ತದೆ.

ಚಂದನೆಯ ಕಥೆಯನ್ನು ಕೇಳದ ಜೈನ ಮನೆಯಿಲ್ಲ. ವೈಶಾಲಿಯ ಚೇಟಕ ಮಹಾರಾಜನ ಮಗಳಾದ ಆಕೆಯು ಕರ್ಮೋದಯದಿಂದ ಕೌಶಾಂಬಿಯ ಶ್ರೇಷ್ಠಿಯೊಬ್ಬನ ಮನೆ ಸೇರಿದಳು. ಶ್ರೇಷ್ಠಿಯ ಹೆಂಡತಿಯು ಶಂಕೆಯಿಂದ ಆಕೆಗೆ ಸಂಕೋಲೆ ತೊಡಿಸಿ, ಮಣ್ಣಿನ ಪಾತ್ರೆಯಲ್ಲಿ ಹಾರಕದ ಅನ್ನವನ್ನೂ ಹುಳಿಗಂಜಿಯನ್ನೂ ನೀಡುತ್ತಿದ್ದಳು. ಮಹಾವೀರ ಸ್ವಾಮಿಯು ಚರ್ಯೆಗೆ ಬಂದಾಗ ಆಕೆಯ ಭಕ್ತಿಗೆ ಸಂಕೋಲೆ ಕಳಚಿತು. ಆಕೆಯಿತ್ತ ಆಹಾರದಿಂದ ಸ್ವಾಮಿಯ ಪಾರಣೆಯಾಯಿತು. ಮುಂದೆ ಆಕೆಯೇ ಸಮವಸರಣದ 36,000 ಆರ್ಯಿಕೆಯರಿಗೆ ಗಣಿನಿಯಾದಳು. ಈ ಕಥೆಯಲ್ಲಿ ಚಂದನೆಯ ಹಸಿವನ್ನು ಯಾವ ಪುರಾಣಕಾರನೂ ತಪವೆಂದು ಹೊಗಳಲಿಲ್ಲ. ಅದು ಆ ಮನೆಯ ಕ್ರೌರ್ಯವಾಗಿತ್ತು. ಹೊಗಳಿಕೆಗೆ ಪಾತ್ರವಾದದ್ದು ಆಕೆಯ ಸಮತಾಭಾವ ಮತ್ತು ದಾನ. ಆರ್ಯಿಕೆಯಾದ ಮೇಲೆ ಆಕೆ ತಾನಾಗಿ ಕೈಗೊಂಡ ಅನಶನಾದಿಗಳು ಮಾತ್ರವೇ ತಪಗಳಾದವು. ಒಂದೇ ದೇಹದ ಎರಡು ಹಸಿವುಗಳ ನಡುವಣ ಈ ಅಂತರವನ್ನು ಪ್ರತಿಯೊಂದು ಮನೆಯೂ ಅರಿಯಬೇಕು.

ಅಲಕ್ಷ್ಯದ ಹಸಿವು ದೇಹವನ್ನು ಮಾತ್ರ ಕುಗ್ಗಿಸುವುದಿಲ್ಲ, ಪರಿಣಾಮಗಳನ್ನೂ ಕೆಡಿಸುತ್ತದೆ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಇದು ಸುಮಾರು ಶೇ. 48. ಗರ್ಭಿಣಿಯಲ್ಲದ ಸ್ತ್ರೀಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆಯೆನ್ನುತ್ತಾರೆ. ಮಾಸಿಕ ಸ್ರಾವ, ಗರ್ಭಧಾರಣೆ, ಹೆರಿಗೆಗಳಿಂದ ಸ್ತ್ರೀಯ ದೇಹವು ಕಬ್ಬಿಣಾಂಶವನ್ನು ಕಳೆದುಕೊಳ್ಳುವುದರಿಂದಲೇ 2020ರಲ್ಲಿ ನಿಗದಿಯಾದ ಭಾರತೀಯ ಪೋಷಣಾ ಪ್ರಮಾಣವು ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕೆಂದರೆ ಸ್ತ್ರೀಗೆ 29 ಮಿಲಿಗ್ರಾಂ ಬೇಕೆನ್ನುತ್ತದೆ. ಹೆಚ್ಚು ಬೇಕಾದವಳೇ ಕಡೆಗೆ, ಕಡಿಮೆ ಉಣ್ಣುತ್ತಾಳೆ. ಆಗ ಆಯಾಸ, ಏದುಸಿರು, ತಲೆಸುತ್ತು, ಎದೆಬಡಿತ, ಸಿಡುಕು ತಲೆದೋರುತ್ತವೆ. ಮನೆಯವರು ಸಿಡುಕನ್ನು ಸ್ವಭಾವದೋಷವೆಂದೂ ಆಯಾಸವನ್ನು ಆಲಸ್ಯವೆಂದೂ ಬಗೆದು ನೊಂದವಳನ್ನು ಇನ್ನಷ್ಟು ನೋಯಿಸುತ್ತಾರೆ.

ಆಗಮವು ಆರ್ತಧ್ಯಾನವನ್ನು ನಾಲ್ಕು ವಿಧವಾಗಿ ಹೇಳಿದೆ. ಒಲ್ಲದುದು ಬಂದಿತೆಂಬ ಚಿಂತೆ, ಒಲಿದುದು ಅಗಲಿತೆಂಬ ಚಿಂತೆ, ವೇದನೆಯ ಚಿಂತೆ, ಮುಂದಿನ ಭೋಗದ ಆಸೆ. ಇಂದು ಮನೋವ್ಯಾಕುಲವೆಂದು ಕರೆಯುವುದರ ಬಹುಪಾಲು ಇದರಲ್ಲಿಯೇ ಅಡಗಿದೆ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ ಘಟಪ್ರಭೆಗಳು ಉಕ್ಕಿ ಹರಿದಾಗ ಮನೆ ಬಿಟ್ಟು ಹೊರಟ ತಾಯಂದಿರ ಮನಸ್ಸು, ಮಗ್ಗದ ಸದ್ದು ನಿಂತ ದಿನಗಳಲ್ಲಿ ಬನಹಟ್ಟಿಯ ಗೃಹಿಣಿಯ ಮನಸ್ಸು, ಕಬ್ಬಿನ ಹಣಕ್ಕೆ ದಾರಿ ಕಾಯುವ ಮುಧೋಳ ಸೀಮೆಯ ಒಕ್ಕಲಗಿತ್ತಿಯ ಮನಸ್ಸು ಇದನ್ನು ಬಲ್ಲವು. ಚಿಂತೆಯು ಹಸಿವನ್ನು ಕೊಲ್ಲುತ್ತದೆ; ಹಸಿದ ದೇಹವು ಚಿಂತೆಯನ್ನು ಬೆಳೆಸುತ್ತದೆ. ಈ ಸುತ್ತನ್ನು ಒಂದೆಡೆ ಅನ್ನದಿಂದಲೂ ಇನ್ನೊಂದೆಡೆ ಧ್ಯಾನದಿಂದಲೂ ತುಂಡರಿಸಬೇಕು.

ಅನ್ನದ ಮಾತಿಗೆ ಬಂದರೆ, ನಿಯಮಕ್ಕೆ ಭಂಗ ಬಾರದಂತೆ ದೇಹವನ್ನು ಪೋಷಿಸುವ ಸಾಮಗ್ರಿಯು ಈ ಮಣ್ಣಿನಲ್ಲಿಯೇ ಇದೆ. ಜೋಳದ ರೊಟ್ಟಿಯೊಡನೆ ಹೆಸರು, ಮಡಿಕೆ, ತೊಗರಿ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿ ಪೂರ್ಣವಾದ ಸಸಾರಜನಕ ದೊರೆಯುತ್ತದೆ. ಮಾಗಿಯಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿಯು ಕಬ್ಬಿಣಾಂಶವನ್ನೂ ಸುಣ್ಣದ ಅಂಶವನ್ನೂ ಒಟ್ಟಿಗೆ ಕೊಡುತ್ತದೆ. ಗುರೆಳ್ಳು ಮತ್ತು ಅಗಸಿಯ ಹಿಂಡಿ ತಾಟಿನ ಬದಿಯ ರುಚಿಗೆ ಮಾತ್ರವಲ್ಲ, ಪೋಷಣೆಗೂ ಬೇಕಾದದ್ದು. ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸುವವರು ಉಳಿದ ತಿಂಗಳುಗಳಲ್ಲಿ ಮೆಂತ್ಯ, ರಾಜಗಿರಿ, ಪುಂಡಿ ಪಲ್ಯಗಳನ್ನು ಶೋಧಿಸಿ ಧಾರಾಳವಾಗಿ ಉಣ್ಣಬೇಕು. ಸೊಪ್ಪಿಲ್ಲದ ತಿಂಗಳುಗಳಲ್ಲಿ ಕಾಳುಬೇಳೆಯನ್ನು ಹೆಚ್ಚಿಸಬೇಕು. ಕಬ್ಬಿಣದ ಬಾಣಲೆಯಲ್ಲಿ ಬೇಯಿಸುವುದೂ ಊಟದೊಡನೆ ನಿಂಬೆ ಅಥವಾ ನೆಲ್ಲಿಯನ್ನು ಸೇವಿಸುವುದೂ ಹಿತಕರ. ಹುಳಿಯಲ್ಲಿರುವ ಸಿ ಜೀವಸತ್ವವು ಕಬ್ಬಿಣಾಂಶ ಮೈಗೂಡಲು ನೆರವಾಗುತ್ತದೆ. ಉಂಡೊಡನೆ ಚಹಾ ಕುಡಿಯುವ ರೂಢಿಯಾದರೋ ಅದನ್ನು ತಡೆಯುತ್ತದೆ, ಗಂಟೆಯ ಅಂತರವಿರಲಿ.

ಹಾಲು ಮೊಸರುಗಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಬಿ-12 ಎಂಬ ಜೀವಸತ್ವವು ಧಾನ್ಯ ಕಾಯಿಪಲ್ಯಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗೆ ಹಾಲೇ ಅದರ ಆಧಾರ. ಅದರ ಕೊರತೆಯಿಂದ ಕೈಕಾಲು ಜುಮ್ಮೆನ್ನುವುದು, ಮರೆವು, ಬೇಸರ ಉಂಟಾಗುತ್ತವೆ. ದ್ವಿದಳದ ದೋಷ ತಗಲದಂತೆ ಬೇಳೆಯೊಡನೆ ಬೆರೆಸದೆ, ಬೇರೆ ಹೊತ್ತಿನಲ್ಲಿ ಶ್ರಾವಿಕೆಯು ದಿನವೂ ಹಾಲನ್ನು ಸೇವಿಸಬೇಕು. ರಸಪರಿತ್ಯಾಗದಲ್ಲಿ ದೀರ್ಘಕಾಲ ಹಾಲು ಮೊಸರುಗಳನ್ನು ಬಿಡುವವರು ವೈದ್ಯರ ಸಲಹೆ ಪಡೆಯಬೇಕು. ಔಷಧ ಬೇಕಾದಾಗ ಪ್ರಾಣಿಜನ್ಯ ಕವಚದ ಗುಳಿಗೆ ಬೇಡವೆಂದು ತಿಳಿಸಿ ಬೇರೆ ರೂಪದ್ದನ್ನು ಕೇಳಿ ಪಡೆಯಬಹುದು; ನಿಯಮದ ನೆಪದಲ್ಲಿ ಚಿಕಿತ್ಸೆಯನ್ನೇ ಬಿಡಬೇಕಾಗಿಲ್ಲ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದೆಂಬುದು ಸ್ಮರಣೀಯ.

ಹಾಗಾದರೆ ಉಪವಾಸ ಬೇಡವೆ? ಖಂಡಿತ ಬೇಕು, ಆದರೆ ವಿಧಿಪೂರ್ವಕವಾಗಿ ಬೇಕು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿ ತಪಕ್ಕೆ ಬರಿಯ ತಪವೆನ್ನದೆ 'ಶಕ್ತಿತಸ್ತಪ'ವೆಂದು ಹೆಸರಿಟ್ಟಿರುವುದು ನಿಷ್ಕಾರಣವಲ್ಲ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂ ಬಾರದು. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದಕ್ಕೆ ಸೋಪಾನವನ್ನೇ ಕಟ್ಟಿಕೊಟ್ಟಿದ್ದಾರೆ. ಉಪವಾಸಕ್ಕೆ ಅಶಕ್ತರಾದವರು ನೀರನ್ನು ಮಾತ್ರ ಸ್ವೀಕರಿಸುವ ಅನುಪವಾಸವನ್ನೂ, ಅದಕ್ಕೂ ಅಶಕ್ತರಾದವರು ಆಚಾಮ್ಲ, ನಿರ್ವಿಕೃತಿ ಮೊದಲಾದವನ್ನೂ ಆಚರಿಸಬಹುದು. ಕೆಳಗಿನ ಮೆಟ್ಟಿಲಲ್ಲಿ ನಿಂತವಳು ಧರ್ಮದಿಂದ ಹೊರಗಿದ್ದಾಳೆಂದು ಅವರು ಹೇಳಲಿಲ್ಲ. ಗರ್ಭಿಣಿ, ಬಾಣಂತಿ, ಹಾಲೂಡಿಸುವ ತಾಯಿ, ರಕ್ತಹೀನತೆಯುಳ್ಳವಳು, ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಔಷಧ ಸೇವಿಸುವವಳು ಈ ಸೋಪಾನವನ್ನು ನೆನೆಯಬೇಕು. ನೆರೆಮನೆಯವಳು ದಶಲಕ್ಷಣ ಪರ್ವದಲ್ಲಿ ಹತ್ತು ಉಪವಾಸ ಮಾಡಿದಳೆಂಬ ಸ್ಪರ್ಧೆಯಿಂದ ಹುಟ್ಟಿದ ಅನಶನವು ಮಾನಕಷಾಯವನ್ನು ಬೆಳೆಸುತ್ತದೆಯೇ ವಿನಾ ನಿರ್ಜರೆಯನ್ನಲ್ಲ.

ಇನ್ನೊಂದು ವಿಧಿಯಂತೂ ಮರೆತೇಹೋಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡಬೇಕಾದವುಗಳಲ್ಲಿ ಅಲಂಕಾರ, ಗಂಧ, ಪುಷ್ಪಗಳೊಡನೆ ಆರಂಭವನ್ನೂ, ಎಂದರೆ ಗೃಹಕೃತ್ಯವನ್ನೂ ಎಣಿಸಿದ್ದಾರೆ. ಉಪವಾಸವಿದ್ದವಳೇ ಅಂದು ಮನೆಮಂದಿಗೆಲ್ಲ ರೊಟ್ಟಿ ಬಡಿದು, ನೀರು ಹೊತ್ತು, ಪಾತ್ರೆ ತಿಕ್ಕಿದರೆ ವಿಧಿಯ ಅರ್ಧಭಾಗವನ್ನು ಮನೆಯೇ ಕಿತ್ತುಕೊಂಡಂತಾಯಿತು. ಅಂದು ಒಲೆಯ ಭಾರವನ್ನು ಗಂಡನೂ ಮಕ್ಕಳೂ ಹೊರಬೇಕು. ಅದು ಅವರ ಪಾಲಿನ ವ್ರತ. ಹಿಂದಿನ ದಿನದ ಧಾರಣೆಯ ಊಟ ಸಾತ್ತ್ವಿಕವಾಗಿರಲಿ. ಪಾರಣೆಯಲ್ಲಿ ಹೋಳಿಗೆ ಕರಿಗಡಬುಗಳ ಅವಸರ ಬೇಡ. ಹೆಸರುಬೇಳೆಯ ಕಟ್ಟು ಅಥವಾ ಗಂಜಿಯಿಂದ ಆರಂಭಿಸಿ ಮೆಲ್ಲನೆ ಊಟಕ್ಕೆ ಬರಬೇಕು. ಬಿಸಿಲುಗಾಲದ ನಿರ್ಜಲ ಉಪವಾಸದಲ್ಲಿ ತಲೆಸುತ್ತು, ಮೂರ್ಛೆ ಬಂದರೆ ಹಠ ಸಲ್ಲದು.

ಮನಸ್ಸಿಗೂ ಆಹಾರ ಬೇಕು. ಒಂದು ಕಾಯೋತ್ಸರ್ಗದಲ್ಲಿ 27 ಉಚ್ಛ್ವಾಸಗಳಲ್ಲಿ ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಸ್ಮರಿಸುವ ಕ್ರಮವಿದೆ. ಒಂದು ಮಂತ್ರಕ್ಕೆ ಮೂರು ಉಸಿರಿನಂತೆ ನಿಧಾನವಾಗಿ ಸಾಗಿದಾಗ ಎದೆಬಡಿತ ತಗ್ಗುತ್ತದೆ, ಬಿಗಿದ ಮೈ ಸಡಿಲಗೊಳ್ಳುತ್ತದೆ. ದೇಹದ ಮೇಲಣ ಮಮತೆಯೂ ಸಡಿಲಗೊಳ್ಳಬೇಕೆಂಬುದು ಅದರ ಮುಖ್ಯ ಉದ್ದೇಶ. ಗೃಹಿಣಿಗೆ 48 ನಿಮಿಷಗಳ ಪೂರ್ಣ ಸಾಮಾಯಿಕ ದಿನವೂ ಸಾಧ್ಯವಾಗದಿದ್ದರೂ ಪ್ರಾತಃಕಾಲ ಸಂಜೆಗಳಲ್ಲಿ ಒಂದೊಂದು ಕಾಯೋತ್ಸರ್ಗ ಸಾಧ್ಯ. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯದಿರುವುದು ಮನೆಯ ನಿಯಮವಾಗಲಿ. ಮನಸ್ಸಿನ ಭಾರ ಬಹುದಿನ ಇಳಿಯದಿದ್ದರೆ, ನಿದ್ರೆ ಹಸಿವುಗಳು ದೂರವಾದರೆ, ಅದನ್ನೂ ಜ್ವರದಂತೆ ವೈದ್ಯರಿಗೆ ತೋರಿಸಬೇಕು, ಅದರಲ್ಲಿ ಲಜ್ಜೆಯಿಲ್ಲ.

ಮುಧೋಳವು ಕವಿಚಕ್ರವರ್ತಿ ರನ್ನನ ಜನ್ಮಭೂಮಿ. ಆತನು 993ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ. ಪತಿ ನಾಗದೇವನು ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆಯು ಸಹಗಮನ ಮಾಡಿದಳು. ಅದೇ ಪತಿಯನ್ನು ಕಳೆದುಕೊಂಡ ಅತ್ತಿಮಬ್ಬೆಯು ಮಗ ಅಣ್ಣಿಗದೇವನನ್ನು ಸಾಕುವುದಕ್ಕಾಗಿ ಉಳಿದಳು, ವ್ರತಧಾರಿಣಿಯಾಗಿ ಬಾಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು. ದೇಹವನ್ನು ಸುಡುವುದಕ್ಕಿಂತ ಅದನ್ನು ಧರ್ಮಸಾಧನವಾಗಿ ಉಳಿಸಿಕೊಳ್ಳುವುದು ಎಷ್ಟು ದೊಡ್ಡದೆಂಬುದಕ್ಕೆ ಆಕೆಯ ಬದುಕೇ ನಿದರ್ಶನ. ಮನೆಯೊಳಗೆ ಮೆಲ್ಲಮೆಲ್ಲನೆ ಕ್ಷೀಣಿಸುವ ತಾಯಿಯಿಂದ ಅಂತಹ ದಾನವೂ ಸ್ವಾಧ್ಯಾಯವೂ ಹೇಗೆ ನಡೆದಾವು?

ಆದುದರಿಂದ ಈ ಸೀಮೆಯ ಪ್ರತಿಯೊಂದು ಶ್ರಾವಕಗೃಹವೂ ಒಂದು ಸಣ್ಣ ನಿಯಮವನ್ನು ಕೈಗೊಳ್ಳಲಿ. ಹೊತ್ತು ಮುಳುಗಲು ಒಂದು ಗಂಟೆಯಿರುವಾಗಲೇ ಮನೆಯ ಗೃಹಿಣಿಯ ತಾಟನ್ನು ಎಲ್ಲರ ತಾಟಿನೊಡನೆ ಇಡಬೇಕು. ಅವಳು ಕುಳಿತಳೆಂದು ಕಂಡ ಮೇಲೆಯೇ ಉಳಿದವರು ಮೊದಲ ತುತ್ತು ಎತ್ತಬೇಕು. ಇದಕ್ಕೆ ಹಣ ಬೇಡ, ಪಾಂಡಿತ್ಯ ಬೇಡ. ಅತ್ತೆಯ ಬಾಯಿಂದ "ನೀ ಉಂಡಿ ಏನವ್ವಾ?" ಎಂಬ ಪ್ರಶ್ನೆಯು ಸೂರ್ಯಾಸ್ತದ ಬಳಿಕ ಬರುವ ಬದಲು ಅದಕ್ಕೆ ಮೊದಲೇ ಬಂದರೆ ಸಾಕು, ಆ ಮನೆಯ ಅಹಿಂಸಾಣುವ್ರತವು ನಿರತಿಚಾರವಾಗುವ ದಾರಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟಂತೆ. ಆಗ ಅವಳು ಕೈಗೊಳ್ಳುವ ಉಪವಾಸವು ನಿಜವಾದ ಉಪವಾಸವಾಗುವುದು, ಅವಳ ತ್ಯಾಗವು ನಿಜವಾದ ತ್ಯಾಗವಾಗುವುದು.

ಸರ್ವ ಜೀವಿಗಳಿಗೂ ಕ್ಷೇಮವಾಗಲಿ. ಜೈನಂ ಜಯತು ಶಾಸನಂ.