ಕಾಲ್ಗುಣ

ಕಾಲ್ಗುಣ ಎಂಬುದು ಕನ್ನಡದಲ್ಲಿ ಹೆಚ್ಚಾಗಿ ಸೊಸೆಯಂದಿರ ತಲೆಗೆ ಕಟ್ಟುವ ಮಾತು. ಹೊಸಬಳು ಹೊಸ್ತಿಲು ದಾಟಿದ ವರ್ಷ ಫಸಲು ಕೈಹಿಡಿದರೆ ಅವಳ ಕಾಲ್ಗುಣ ಒಳ್ಳೆಯದು. ಮಾವ ಹಾಸಿಗೆ ಹಿಡಿದರೆ ಕೆಟ್ಟದ್ದು. ಎರಡರಲ್ಲೂ ಅವಳು ಮಾಡಿದ್ದು ಏನೂ ಇಲ್ಲ. ಕಾಲಿನಿಂದಲೇ ಅನ್ನ ಹುಟ್ಟಿಸಿಕೊಳ್ಳುವ ಫುಟ್‌ಬಾಲ್ ಆಟಗಾರರಿಗೂ ಇದೇ ನ್ಯಾಯ ನಡೆಯುತ್ತದೆ. ಒಬ್ಬನ ಏಳುಬೀಳಿನಲ್ಲಿ ಅವನು ಮಾಡಿದ್ದು ಎಷ್ಟು, ಅವನಿಗೆ ಆದದ್ದು ಎಷ್ಟು ಎಂಬ ಪ್ರಶ್ನೆಯನ್ನು ಭಾರತದ ದಾರ್ಶನಿಕರು ದೈವ ಮತ್ತು ಪುರುಷಕಾರ ಎಂದು ಹೆಸರಿಟ್ಟು ಚರ್ಚಿಸಿದರು. ಇಸ್ಲಾಮಿನ ಪಂಡಿತರು ಖದ್‌ರ್ ಎಂಬ ಹೆಸರಿನಲ್ಲಿ ಚರ್ಚಿಸಿದರು. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಒಂದೇ ಪೇಟೆಯಲ್ಲಿ ಕೇಳಿಸುವ ಕಾಸರಗೋಡು ಜಿಲ್ಲೆಯ ಹೊಸಂಗಡಿಯ ಸುತ್ತಮುತ್ತ ಈ ಎರಡು ಚರ್ಚೆಗಳಿಗೂ ಬೇರು ಇದೆ.

ಪ್ರಶ್ನೆಯನ್ನು ಹಚ್ಚಿ ನೋಡಲು ಫ್ರಾನ್ಸಿನ ಉಸ್ಮಾನ್ ಡೆಂಬೆಲೆ ತಕ್ಕ ಉದಾಹರಣೆ. ಅವರು ಹುಟ್ಟಿದ್ದು 1997ರ ಮೇ 15ರಂದು, ನಾರ್ಮಂಡಿಯ ವೆರ್ನೊನ್‌ನಲ್ಲಿ. ಬೆಳೆದದ್ದು ಎವ್ರೂ ಪಟ್ಟಣದಲ್ಲಿ. ರೆನ್ ಕ್ಲಬ್ಬಿನ ಪರವಾಗಿ 2015–16ರಲ್ಲಿ, ಅಂದರೆ ಹದಿನೆಂಟರ ವಯಸ್ಸಿನಲ್ಲಿ, ಫ್ರಾನ್ಸಿನ ಮೊದಲ ದರ್ಜೆಯ ಲೀಗಿನ 26 ಪಂದ್ಯಗಳಲ್ಲಿ 12 ಗೋಲು ಹೊಡೆದರು. ಮರುವರ್ಷ ಜರ್ಮನಿಯ ಡಾರ್ಟ್‌ಮುಂಡ್ ಸೇರಿದರು; 2017ರ ಮೇ ತಿಂಗಳಲ್ಲಿ ಅಲ್ಲಿನ ರಾಷ್ಟ್ರೀಯ ಕಪ್ ಫೈನಲಿನಲ್ಲಿ ಮೊದಲ ಗೋಲು ಅವರದೇ. ಆ ಆಗಸ್ಟಿನಲ್ಲಿ ನೇಮರ್ ಬಿಟ್ಟುಹೋದ ಜಾಗ ತುಂಬಲು ಬಾರ್ಸಿಲೋನ 10.5 ಕೋಟಿ ಯೂರೋ ಕೊಟ್ಟು, ಮೇಲೆ ಇನ್ನಷ್ಟು ಕೊಡುವ ಕರಾರು ಮಾಡಿ, ಈ ಇಪ್ಪತ್ತರ ಹುಡುಗನನ್ನು ಕರೆಸಿಕೊಂಡಿತು. ಸೆಪ್ಟೆಂಬರ್ 16ರಂದು ಗೆಟಾಫೆ ವಿರುದ್ಧದ ಪಂದ್ಯದಲ್ಲಿ ಅಂಚಿನಲ್ಲಿ ಓಡುತ್ತ ಹಿಮ್ಮಡಿಯಿಂದ ಚೆಂಡು ತಳ್ಳಲು ಹೋದಾಗ ಎಡತೊಡೆಯ ಹಿಂಬದಿಯ ಸ್ನಾಯುರಜ್ಜು ಹರಿಯಿತು. ಶಸ್ತ್ರಚಿಕಿತ್ಸೆ ಫಿನ್ಲೆಂಡಿನಲ್ಲಿ. 2020ರಲ್ಲಿ ಬಲತೊಡೆ, 2021ರಲ್ಲಿ ಮೊಣಕಾಲು. ಇವನ ಕಾಲ್ಗುಣ ಸರಿ ಇಲ್ಲ ಎನ್ನುವುದಕ್ಕೆ ಸಮನಾದ ಮಾತು ಸ್ಪೇನಿನಲ್ಲಿ ಇದೆಯೋ ಇಲ್ಲವೋ, ಆ ಭಾವವಂತೂ ಇತ್ತು. ಶಿಸ್ತಿಲ್ಲ, ತಡವಾಗಿ ಬರುತ್ತಾನೆ, ಊಟ ಸರಿಯಿಲ್ಲ ಎಂದು ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಗಾಯ ಗುಣದೋಷದ ಲೆಕ್ಕಕ್ಕೆ ಬಿತ್ತು.

ಡೆಂಬೆಲೆ ಆಡುತ್ತಿದ್ದ ವಿಂಗರ್ ಜಾಗವೇ ಈ ಪ್ರಶ್ನೆಯನ್ನು ಇನ್ನಷ್ಟು ಕೆದಕುವಂಥದ್ದು. ವಿಂಗರ್ ಮೈದಾನದ ಅಂಚಿನವನು. ಒಂದು ಮಗ್ಗುಲಿಗೆ ಸುಣ್ಣದ ಗೆರೆ, ಇನ್ನೊಂದು ಮಗ್ಗುಲಿಗೆ ಎದುರಾಳಿ. ನಡುವಿನವರು ಚೆಂಡು ಕೊಟ್ಟರೆ ಉಂಟು, ಕೊಡದಿದ್ದರೆ ಕಾಯಬೇಕು. ಬಂದ ಮೇಲೂ ನುಗ್ಗಿದಷ್ಟು ಸಲ ದಾಟುವುದಿಲ್ಲ. ಕಳೆದುಕೊಂಡ ಚೆಂಡುಗಳೇ ಹೆಚ್ಚು, ಒಮ್ಮೆ ದಾಟಿದರೆ ಪಂದ್ಯದ ಮುಖವೇ ತಿರುಗುತ್ತದೆ. ನಿಂತಲ್ಲಿಂದ ಒಮ್ಮೆಲೇ ಓಟ, ಓಟದಿಂದ ಒಮ್ಮೆಲೇ ನಿಲುಗಡೆ. ಇದರ ಭಾರವೆಲ್ಲ ತೊಡೆಯ ಹಿಂಬದಿಗೆ. ಯತ್ನ ಬಹಳ, ಫಲ ಕಡಿಮೆ, ಅವಲಂಬನೆ ಪೂರ್ತಿ.

ಆಟಗಾರರಿಗೆ ಗೀತೆಯ ಮಾತು ಹೇಳುವವರು ಎರಡನೆಯ ಅಧ್ಯಾಯದ ಕರ್ಮಫಲದ ಶ್ಲೋಕದ ಬಳಿ ನಿಂತುಬಿಡುತ್ತಾರೆ. ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಹದಿನೆಂಟನೆಯ ಅಧ್ಯಾಯ. ಯಾವ ಕೆಲಸ ಆಗಬೇಕಾದರೂ ಐದು ಕಾರಣ ಕೂಡಬೇಕು ಎನ್ನುತ್ತದೆ ಅದು: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಹೀಗಿರುವಾಗ ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನು ಸರಿಯಾಗಿ ಕಂಡವನಲ್ಲ ಎಂದೂ ಸೇರಿಸುತ್ತದೆ. ಅಧಿಷ್ಠಾನವೆಂದರೆ ದೇಹ, ಗೆಟಾಫೆಯಲ್ಲಿ ಕೈಕೊಟ್ಟದ್ದು ಅದೇ. ಕರಣ, ಚೇಷ್ಟೆಗಳ ಬಗ್ಗೆಯೂ ಹೆಚ್ಚು ತಕರಾರಿಲ್ಲ. ಭಾಷ್ಯಕಾರರು ಬೇರೆಯಾಗುವುದು ಐದನೆಯದರಲ್ಲಿ. ಶಂಕರರಿಗೆ ದೈವವೆಂದರೆ ಇಂದ್ರಿಯಗಳಿಗೆ ಆಸರೆಯಾದ ಆದಿತ್ಯಾದಿ ದೇವತೆಗಳು. ರಾಮಾನುಜರಿಗೆ ಒಳಗಿದ್ದು ನಡೆಸುವ ಪರಮಾತ್ಮ. ಮಧ್ವರು ಪಟ್ಟಿಯನ್ನೇ ತಿರುಗಿಸಿ ಓದುತ್ತಾರೆ: ಅವರಿಗೆ ದೈವ ಬರೀ ಅದೃಷ್ಟ, ಎರಡನೆಯ ಸ್ಥಾನದ ಕರ್ತೃವೇ ವಿಷ್ಣು. ಆಟಗಾರ ಕುಳಿತಿರಬೇಕಾದ ಕುರ್ಚಿಯಲ್ಲಿ ದೇವರೇ ಕುಳಿತಂತಾಯಿತು.

ಮಧ್ವರ ಮಾತು ಈ ನಾಡಿಗೆ ಹೊರಗಿನದಲ್ಲ. ಹೊಸಂಗಡಿಯಿಂದ ದಕ್ಷಿಣಕ್ಕಿರುವ ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ, 13ನೇ ಶತಮಾನದಲ್ಲಿ, ಇಲ್ಲಿಯವರೇ ಆದ ತ್ರಿವಿಕ್ರಮ ಪಂಡಿತರು ಮಧ್ವರೊಡನೆ ಹಲವು ದಿನ ವಾದ ಮಾಡಿ ಕೊನೆಗೆ ಶಿಷ್ಯರಾದರು. ಗುರುವಿನ ಬ್ರಹ್ಮಸೂತ್ರ ಭಾಷ್ಯಕ್ಕೆ ‘ತತ್ತ್ವಪ್ರದೀಪ’ ಎಂಬ ಟೀಕೆ ಬರೆದರು. ಮಧ್ವರ ದ್ವೈತ ಮತದಲ್ಲಿ ಜೀವನೂ ಕರ್ತೃವೇ ಹೌದು, ಇಲ್ಲದಿದ್ದರೆ ವಿಧಿ ನಿಷೇಧಗಳಿಗೆ ಅರ್ಥವಿರದು. ಆದರೆ ಆ ಕರ್ತೃತ್ವ ಪರಾಧೀನ. ಅವರ ‘ಮಹಾಭಾರತ ತಾತ್ಪರ್ಯ ನಿರ್ಣಯ’ದಲ್ಲಿ ಫಲಕ್ಕೆ ಮೂರು ಕಾರಣಗಳನ್ನು ಮೆಟ್ಟಿಲಿನಂತೆ ಜೋಡಿಸಲಾಗಿದೆ. ಮೊದಲನೆಯದು ಹಠ ಎಂದು ಕರೆಸಿಕೊಳ್ಳುವ ಅನಾದಿ ಯೋಗ್ಯತೆ, ಎರಡನೆಯದು ಹಿಂದಿನ ಕರ್ಮ, ಮೂರನೆಯದು ಪ್ರಯತ್ನ. ಮೂರಕ್ಕೂ ಒಡೆಯ ಹರಿ. ಯೋಗ್ಯತೆ ಜೀವದ ಸ್ವಭಾವ. ಅದನ್ನು ಯಾರೂ ಹುಟ್ಟಿಸಿದ್ದಲ್ಲ, ಯಾರೂ ಬದಲಿಸುವುದೂ ಇಲ್ಲ. ಪ್ರಯತ್ನಕ್ಕೆ ಕೊನೆಯ ಮೆಟ್ಟಿಲು ಸಿಕ್ಕಿದೆ ಎಂದು ಈಗಿನ ಓದುಗರಿಗೆ ಕಸಿವಿಸಿ ಆಗಬಹುದು. ಆದರೆ ಫುಟ್‌ಬಾಲಿನ ಪೇಟೆ ನಡೆಯುವುದು ಇದೇ ಲೆಕ್ಕದಲ್ಲಿ. ಎರಡೂ ಕಾಲಿನಿಂದ ಸಮನಾಗಿ ಒದೆಯಬಲ್ಲ ಇಪ್ಪತ್ತರ ಹುಡುಗನಿಗೆ ಕೊಟ್ಟ 10.5 ಕೋಟಿ ಅವನು ಮಾಡಿದ ಕೆಲಸದ ಕೂಲಿಯಲ್ಲ, ಒಳಗೆ ಇದೆ ಎಂದು ನಂಬಿದ ಯೋಗ್ಯತೆಯ ಬೆಲೆ.

ಮಲಬಾರಿನ ಮುಸ್ಲಿಮರು ಮತ್ತು ಬ್ಯಾರಿಗಳು ಹೆಚ್ಚಿನಂಶ ಕರ್ಮಶಾಸ್ತ್ರದಲ್ಲಿ ಶಾಫಿಈ, ನಂಬಿಕೆಯ ಶಾಸ್ತ್ರದಲ್ಲಿ ಅಶ್‌ಅರಿ ಪಂಥದವರು. ಮುಅ್‌ತಝಿಲಾ ಎಂಬ ಹಳೆಯ ಪಂಥ ಮನುಷ್ಯನೇ ತನ್ನ ಕ್ರಿಯೆಯ ಕರ್ತೃ ಎಂದಿತ್ತು. ಜಬ್‌ರಿಯ್ಯಾ ಎಂಬವರು ಅವನು ಗಾಳಿಗೆ ತೂಗುವ ಎಲೆಯಂತೆ ಎಂದಿದ್ದರು. 10ನೇ ಶತಮಾನದ ಅಬುಲ್ ಹಸನ್ ಅಲ್ ಅಶ್‌ಅರಿ ನಡುವೆ ಹಾದಿ ಹುಡುಕಿದರು. ಕ್ರಿಯೆಯನ್ನು ಸೃಷ್ಟಿಸುವವನು ಅಲ್ಲಾಹು. ಮನುಷ್ಯ ಅದನ್ನು ತನ್ನದಾಗಿ ಗಳಿಸಿಕೊಳ್ಳುತ್ತಾನೆ. ಈ ಗಳಿಕೆಗೆ ಕಸ್ಬ್ ಎಂದು ಹೆಸರು. ಲೆಕ್ಕ ಕೊಡಬೇಕಾದದ್ದು ಗಳಿಕೆಗೆ. ಒಂಟೆಯನ್ನು ಕಟ್ಟಿ ಆಮೇಲೆ ದೇವರ ಮೇಲೆ ಭಾರ ಹಾಕಬೇಕು ಎಂಬ ಪ್ರವಾದಿಯ ಉಪದೇಶ ಇದರ ಮನೆಮಾತಿನ ರೂಪ.

ಇಲ್ಲಿಯವರೆಗೆ ಉಡುಪಿಯ ಮಧ್ವರ ಮಾತೂ ಬಗ್ದಾದಿನ ಅಶ್‌ಅರಿಯ ಮಾತೂ ಒಂದೇ ದಾರಿಯಲ್ಲಿ ನಡೆದಂತೆ ಕಾಣುತ್ತದೆ. ಎರಡರಲ್ಲೂ ಆಟಗಾರ ಸ್ವತಂತ್ರನಲ್ಲ, ಆದರೂ ಹೊಣೆಗಾರ. ಕವಲು ಒಡೆಯುವುದು ಪ್ರತಿಭೆಯ ವಿಷಯದಲ್ಲಿ. ಅಶ್‌ಅರಿಗಳಿಗೆ ವಸ್ತುವಿನೊಳಗೆ ಕುಳಿತ ಸ್ವಭಾವ ಎಂಬುದಿಲ್ಲ. ಬೆಂಕಿ ಹತ್ತಿಯನ್ನು ಸುಡುವುದು ಬೆಂಕಿಯ ಗುಣದಿಂದಲ್ಲ, ದೇವರು ಆ ಕ್ಷಣ ಸುಡುವಿಕೆಯನ್ನು ಉಂಟುಮಾಡುವುದರಿಂದ ಎಂದು ಇಮಾಮ್ ಗಝ್ಝಾಲಿ ವಾದಿಸಿದರು. ಮತ್ತೆ ಮತ್ತೆ ಹಾಗೆಯೇ ಆಗುವುದು ದೇವರ ರೂಢಿ ಮಾತ್ರ. ನಿನ್ನೆಯ ವೇಗ ಇವತ್ತಿನ ವೇಗಕ್ಕೆ ಜಾಮೀನಲ್ಲ ಎಂದಾಯಿತು. ಸ್ವತಃ ಮುಸ್ಲಿಮರಾದ ಡೆಂಬೆಲೆಯ ಗೆಟಾಫೆ ಘಟನೆಯನ್ನು ದ್ವೈತಿ ನೋಡಿದರೆ ಯೋಗ್ಯತೆ ಒಳಗೇ ಇದೆ, ಕರ್ಮ ಮುಚ್ಚಿದೆ ಎನ್ನಬೇಕು. ಅಶ್‌ಅರಿ ನೋಡಿದರೆ, ಪ್ರತಿ ಓಟದಲ್ಲೂ ಹೊಸದಾಗಿ ಸಿಗುತ್ತಿದ್ದದ್ದು ಆ ಓಟದಲ್ಲಿ ಸಿಗಲಿಲ್ಲ ಎನ್ನಬೇಕು. ಮೊದಲನೆಯದರಲ್ಲಿ ಭರವಸೆ ಹೆಚ್ಚು, ಎರಡನೆಯದರಲ್ಲಿ ಕೃತಜ್ಞತೆ ಹೆಚ್ಚು. ಗೋಲು ಹೊಡೆದವನು ನೆಲಕ್ಕೆ ಹಣೆಯಿಟ್ಟು ಮಾಡುವ ಸುಜೂದ್ ಹೀಗೆ ನೋಡಿದರೆ ಬರಿಯ ಸಂಭ್ರಮವಲ್ಲ, ಒಂದು ವಾದ.

ಮೈದಾನಕ್ಕಿಳಿಯುವಾಗ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರ ನಂಬಿಕೆ ಬೇರೊಂದು. ತುಳುನಾಡಿನಲ್ಲಿ ದೈವ ಎಂದರೆ ಸಂಸ್ಕೃತ ಪುಸ್ತಕದ ವಿಧಿಯಲ್ಲ. ಅದಕ್ಕೆ ಹೆಸರಿದೆ, ಸ್ಥಾನವಿದೆ, ಸಿಟ್ಟಿದೆ; ದೈವಾರಾಧನೆಯ ನೇಮದ ರಾತ್ರಿ ಎದುರು ನಿಂತು ನನಗೆ ಯಾಕೆ ಹೀಗಾಯಿತು ಎಂದು ಕೇಳಬಹುದು, ಅದು ನುಡಿ ಕೊಡುತ್ತದೆ. ಹೊಸಂಗಡಿಯ ಹತ್ತಿರದ ಉದ್ಯಾವರದ ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮಸೀದಿಗೆ ಹೋಗಿ ಕರೆ ಹೇಳುವ ಪದ್ಧತಿ ಇದೆ. ಅಂದರೆ ಇಲ್ಲಿ ದೈವ ಒಂದು ಕಾರಣವಲ್ಲ, ಮಾತುಕತೆಯ ಒಂದು ಪಕ್ಷ. ಗಾಯಗೊಂಡವನಿಗೆ ಬೇಕಾದದ್ದು ವಿವರಣೆಗಿಂತ ಹೆಚ್ಚಾಗಿ ಕೇಳುವ ಕಿವಿ ಎಂಬ ಸಂಗತಿಯನ್ನು ಭಾಷ್ಯಕಾರರಿಗಿಂತ ನೇಮ ಕಟ್ಟುವವರು ಚೆನ್ನಾಗಿ ತಿಳಿದಿರುವಂತಿದೆ.

ಇನ್ನೆರಡು ಮತಗಳನ್ನು ಇಲ್ಲಿ ಹೆಸರಿಸಬೇಕು. ‘ಯೋಗವಾಸಿಷ್ಠ’ ದೈವವೆಂಬುದೇ ಇಲ್ಲ ಎನ್ನುತ್ತದೆ. ಹಿಂದಿನ ಪೌರುಷಕ್ಕೆ ದೈವವೆಂಬ ಅಡ್ಡಹೆಸರು. ಹಳೆಯ ಪ್ರಯತ್ನವೂ ಹೊಸ ಪ್ರಯತ್ನವೂ ಎರಡು ಟಗರುಗಳಂತೆ ಗುದ್ದಾಡಿ ಬಲವಾದದ್ದು ಗೆಲ್ಲುತ್ತದೆ. ಹುರುಪು ತುಂಬುವ ಮಾತು, ಆದರೆ ಹರಿದ ಸ್ನಾಯುವನ್ನೂ ಆಟಗಾರನ ಹಳೆಯ ಸಾಲವೆಂದೇ ಬರೆಯುತ್ತದೆ. ಸ್ಪೇನಿನ ಪತ್ರಿಕೆಗಳು ಮಾಡಿದ್ದೂ ಹೆಚ್ಚುಕಮ್ಮಿ ಅದನ್ನೇ. ಜೈನರ ಎಣಿಕೆ ಹೆಚ್ಚು ತಾಳ್ಮೆಯದು. ಹೊಸಂಗಡಿಯ ಹತ್ತಿರದ ಬಂಗ್ರಮಂಜೇಶ್ವರದ ಬಸದಿ ಇವತ್ತಿಗೂ ನೆನಪಿಸುವ ಆ ಪರಂಪರೆಯಲ್ಲಿ, ಸಿದ್ಧಸೇನ ದಿವಾಕರನ ‘ಸನ್ಮತಿತರ್ಕ’ದ ಪ್ರಕಾರ, ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಾರ್ಥ ಐದೂ ಸೇರಿದರೆ ಸಮ್ಯಕ್ತ್ವ; ಯಾವುದೊಂದನ್ನೇ ಹಿಡಿದರೂ ಮಿಥ್ಯೆ. ಪಟ್ಟಿಯ ಮೊದಲಲ್ಲಿ ಕಾಲ ಇರುವುದನ್ನು ಗಮನಿಸಬೇಕು. ಗೀತೆಯ ಐದರಲ್ಲಿ ಅದಿಲ್ಲ. ಡೆಂಬೆಲೆಯ ಹದಿನೆಂಟರಲ್ಲಿ ತೋರಿದ್ದು ಇಪ್ಪತ್ತೇಳರಲ್ಲಿ ಹಣ್ಣಾಯಿತು ಎಂಬುದನ್ನು ಹೇಳಲು ಬೇರೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ.

ಫಲದ ವಿಷಯಕ್ಕೆ ಜಿಲ್ಲೆಯ ಒಳಗೇ ಸಾಕ್ಷಿ ಇದೆ. ಕಾಸರಗೋಡಿನ ದಕ್ಷಿಣ ತುದಿಯ ತೃಕ್ಕರಿಪುರದ ಮುಹಮ್ಮದ್ ರಫಿ 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ತಲೆಯಿಂದ ಗೋಲು ತಂದುಕೊಟ್ಟರು. ಕೋಲ್ಕತ್ತ ಸಮಮಾಡಿತು, ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ ಸೋತಿತು. ಗೋಲು ಗೋಲಾಗಿಯೇ ಉಳಿಯಿತು, ಕಪ್ ಮಾತ್ರ ಇಲ್ಲ. ಸರಿಯಾಗಿ ಆರು ವರ್ಷದ ಮೇಲೆ, ಅದೇ ಡಿಸೆಂಬರ್ 18ರಂದು, ಕತಾರಿನ ವಿಶ್ವಕಪ್ ಫೈನಲಿನಲ್ಲಿ ಡೆಂಬೆಲೆ ಅರ್ಜೆಂಟೀನಾದ ಡಿ ಮರಿಯಾನನ್ನು ಬೀಳಿಸಿ ಪೆನಾಲ್ಟಿ ಬಿಟ್ಟುಕೊಟ್ಟರು. ವಿರಾಮಕ್ಕೂ ಮೊದಲೇ ಅವರನ್ನು ಹೊರಗೆ ಕರೆಸಲಾಯಿತು. ದಿನ ನಕ್ಷತ್ರ ನೋಡುವವರಿಗೆ ಇದು ಒಳ್ಳೆಯ ಸಾಮಗ್ರಿ. ಆದರೆ ರೆಫರಿ ಅನಾದಿ ಯೋಗ್ಯತೆಯನ್ನು ಕೇಳಲಿಲ್ಲ, ಪರಾಧೀನತೆಯನ್ನೂ ಕೇಳಲಿಲ್ಲ. ಕಾಲು ತಗುಲಿತೇ ಎಂದಷ್ಟೇ ನೋಡಿದ. ಕಸ್ಬ್ ಎಂದರೂ ಪರಾಧೀನ ಕರ್ತೃತ್ವ ಎಂದರೂ ಈ ಶಿಳ್ಳೆಗೆ ಅರ್ಥ ಉಳಿಸುವುದಕ್ಕಾಗಿಯೇ ಆ ಪಂಡಿತರು ಅಷ್ಟು ಪಾಡುಪಟ್ಟರು.

2023ರಲ್ಲಿ ಪ್ಯಾರಿಸ್ ಕ್ಲಬ್ ಡೆಂಬೆಲೆಯನ್ನು ಸುಮಾರು 5 ಕೋಟಿ ಯೂರೋಗೆ, ಬಾರ್ಸಿಲೋನ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆಗೆ, ಕೊಂಡಿತು. 2024ರ ಅಕ್ಟೋಬರಿನಲ್ಲಿ ಕೋಚ್ ಲೂಯಿಸ್ ಎನ್ರೀಕೆ ಅವರನ್ನು ಆರ್ಸೆನಲ್ ಪಂದ್ಯದಿಂದ ಹೊರಗಿಟ್ಟರು. ಆ ಚಳಿಗಾಲದಲ್ಲಿ ಅಂಚಿನಿಂದ ಕಿತ್ತು ನಡುಮುಂದಕ್ಕೆ ನಿಲ್ಲಿಸಿದರು. ಕಾಲು ಅದೇ, ಬದಲಾದದ್ದು ನಿಲ್ಲುವ ಜಾಗ. ಋತು ಮುಗಿಯುವ ಹೊತ್ತಿಗೆ ಕ್ಲಬ್ಬಿಗಾಗಿ 35 ಗೋಲು. ಇನ್ನೊಬ್ಬರ ನಿರ್ಧಾರವನ್ನು ದೈವದಲ್ಲಿ ಸೇರಿಸಬೇಕೋ ಪೌರುಷದಲ್ಲೋ ಎಂಬುದಕ್ಕೆ ಮೇಲಿನ ಯಾವ ಪಟ್ಟಿಯೂ ನೇರ ಉತ್ತರ ಕೊಡುವುದಿಲ್ಲ. 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಪ್ಯಾರಿಸ್ ಇಂಟರ್ ಮಿಲಾನನ್ನು 5–0ಯಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಡೆಂಬೆಲೆ ಒಂದೂ ಗೋಲು ಹೊಡೆಯಲಿಲ್ಲ; ಜನ ನೆನಪಿಟ್ಟದ್ದು ಚೆಂಡು ಕಾಲಲ್ಲಿ ಇಲ್ಲದಾಗ ಎದುರಾಳಿ ಗೋಲ್‌ಕೀಪರನ ಮುಂದೆ ಬೇಟೆಗಾರನಂತೆ ಬಾಗಿ ನಿಂತು ಓಡಿದ ರೀತಿಯನ್ನು. ಸೆಪ್ಟೆಂಬರ್ 22ರಂದು ಬ್ಯಾಲನ್ ಡಿ’ಓರ್ ಪ್ರಶಸ್ತಿ ಪಡೆದ ಆರನೆಯ ಫ್ರೆಂಚ್ ಆಟಗಾರರಾದರು. ವೇದಿಕೆಗೆ ತಾಯಿಯನ್ನೂ ಕರೆಸಿಕೊಂಡರು. ಆ ಹೊತ್ತಿಗೆ ಅವರು ಬರಿಯ ವಿಂಗರ್ ಆಗಿ ಉಳಿದಿರಲಿಲ್ಲ.