ಸೈನಿಕನ ಹೆಂಡತಿಯ ಸ್ವಧರ್ಮ

ಸೇನೆಗೆ ಸೇರುವವನು ಪ್ರಮಾಣ ಮಾಡುತ್ತಾನೆ. ಅವನ ಹೆಂಡತಿ ಯಾವ ಪ್ರಮಾಣವನ್ನೂ ಮಾಡಿರುವುದಿಲ್ಲ, ಆದರೂ ಆ ಪ್ರಮಾಣ ಆಕೆಯ ಬದುಕನ್ನೂ ಆಳುತ್ತದೆ. ಗಂಡನಿಗೆ ಫೀಲ್ಡ್ ಪೋಸ್ಟಿಂಗ್ ಬಂದರೆ ಸಾಮಾನ್ಯವಾಗಿ ಹೆಂಡತಿ ಮಕ್ಕಳು ಜೊತೆಗೆ ಹೋಗುವಂತಿಲ್ಲ. ಮಕ್ಕಳ ಶಾಲೆ, ಅತ್ತೆ ಮಾವಂದಿರ ಆಸ್ಪತ್ರೆ, ಜಮೀನಿನ ತಕರಾರು ಎಲ್ಲವೂ ಆಕೆಯ ಪಾಲಿಗೆ. ಮಂಜೂರಾದ ರಜೆಯೂ ರದ್ದಾಗಬಹುದು. ತಾನು ಕೊಡದ ಮಾತಿಗೆ ಹೀಗೆ ಕಟ್ಟುಬಿದ್ದು ಬಾಳುವುದು ಯಾವ ಧರ್ಮ?

ಆಕೆ ಸಹಧರ್ಮಿಣಿ, ಗಂಡನ ಧರ್ಮದಲ್ಲೂ ಪುಣ್ಯದಲ್ಲೂ ಪಾಲುಗಾರ್ತಿ ಎಂಬುದು ಸಂಪ್ರದಾಯದ ಉತ್ತರ. ಈ ಉತ್ತರದ ಅತ್ಯಂತ ಕಠೋರ ರೂಪ ಕರ್ನಾಟಕದ ಊರೂರುಗಳಲ್ಲಿ ಕಲ್ಲಾಗಿ ನಿಂತಿದೆ. ಕಾದಿ ಮಡಿದವನಿಗೆ ವೀರಗಲ್ಲು. ಅವನೊಡನೆ ಚಿತೆಯೇರಿದವಳಿಗೆ, ಬಳೆ ತೊಟ್ಟು ಮೇಲೆತ್ತಿದ ತೋಳಿನ ಮಾಸ್ತಿಕಲ್ಲು. ಗಂಡ ದಂಡಿನಲ್ಲಿದ್ದಾಗ ಹೊಲಮನೆ ನಡೆಸಿದವಳಿಗೆ, ಅವನು ಸತ್ತ ಮೇಲೂ ಬದುಕಿ ಮಕ್ಕಳನ್ನು ದಡ ಮುಟ್ಟಿಸಿದವಳಿಗೆ ಕಲ್ಲು ನಿಲ್ಲಿಸುವ ರೂಢಿ ಬೆಳೆಯಲಿಲ್ಲ. ಪಾಲುಗಾರಿಕೆಯ ಮಾತು ಸಾವನ್ನು ಪೂಜಿಸಿ ಬಾಳನ್ನು ಮರೆತದ್ದು ದೊಡ್ಡ ಅನ್ಯಾಯ.

ಮಹಾಭಾರತದ ದನಿ ಬೇರೆ. ಗೀತೆ ಸ್ವಧರ್ಮವನ್ನು ಬೋಧಿಸುವುದು ಬಿಲ್ಲು ಹಿಡಿದವನಿಗೆ. ಉಳಿದವರು ಮಾತಾಡುವುದು ಸ್ತ್ರೀಪರ್ವದಲ್ಲಿ. ಅಲ್ಲಿ ಗಾಂಧಾರಿ ಹೆಣಗಳ ನಡುವೆ ಗೋಳಿಡುವ ಸೊಸೆಯಂದಿರನ್ನು ಕೃಷ್ಣನಿಗೆ ತೋರಿಸುತ್ತಾಳೆ, ಕೊನೆಗೆ ಅವನನ್ನೇ ಶಪಿಸುತ್ತಾಳೆ. ಕೃಷ್ಣ ಆ ಶಾಪವನ್ನು ಒಪ್ಪಿಕೊಳ್ಳುತ್ತಾನೆ. ಯುದ್ಧ ಧರ್ಮವೇ ಆಗಿದ್ದರೂ ಅದರ ಹೊರೆ ಹೊತ್ತವರು ಲೆಕ್ಕ ಕೇಳಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

12ನೇ ಶತಮಾನದ ಶರಣರಲ್ಲಿ ಇನ್ನೂ ಹತ್ತಿರದ ದಾರಿ ಸಿಗುತ್ತದೆ. ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದವಳು ಹೆಂಡತಿ ಲಕ್ಕಮ್ಮ. ಅವರ ಸಂಸಾರ ಒಂದೇ ಆದರೂ ಆಕೆಯ ವಿವೇಕ ಆಕೆಯದೇ ಆಗಿತ್ತು. ಈ ನೋಟದಿಂದ ಕಂಡರೆ, ಸೈನಿಕನ ಹೆಂಡತಿ ಒಂಟಿಯಾಗಿ ತೂಗಿಸುವ ಸಂಸಾರ ಆಕೆಯ ಸ್ವಂತ ಕಾಯಕ. ಅವಳು ಮನಸಾರೆ ಒಪ್ಪಿದರೆ ಮಾತ್ರ ಅದು ಕಾಯಕ. ಇಲ್ಲವಾದರೆ ಹೇರಿದ ದುಡಿಮೆ. ಬೇಸರ, ಭಯ, ಸಿಟ್ಟನ್ನು ಹೇಳಿಕೊಂಡರೆ ಕಾಯಕದ ಪಾವಿತ್ರ್ಯ ಕೆಡುವುದಿಲ್ಲ.

ಸರ್ಕಾರದ ನಿಯಮಗಳಲ್ಲಿ ಮಾತ್ರ ಸಂಪ್ರದಾಯದ ಆ ಹಳೆಯ ಉತ್ತರ ಬಹುಕಾಲ ಉಳಿದಿತ್ತು. ಶೌರ್ಯ ಪ್ರಶಸ್ತಿ ಪಡೆದು ತೀರಿಕೊಂಡ ಸೈನಿಕನ ಪತ್ನಿ ಮರುಮದುವೆಯಾದರೆ ಪ್ರಶಸ್ತಿಯ ಭತ್ಯೆ ನಿಲ್ಲುತ್ತಿತ್ತು. ಗಂಡನ ಸಹೋದರನನ್ನೇ ಮದುವೆಯಾದವಳಿಗೆ ಮಾತ್ರ ವಿನಾಯಿತಿ. ರಕ್ಷಣಾ ಸಚಿವಾಲಯ 2017ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಈಗ ಆಕೆ ಯಾರನ್ನು ಮದುವೆಯಾದರೂ ಭತ್ಯೆ ನಿಲ್ಲುವುದಿಲ್ಲ.