ನಾಯಿಯ ಸಾವೂ ಕಾವ್ಯದ ಸಮಾಧಾನವೂ

ಮನೆಯಲ್ಲಿ ಮನುಷ್ಯರು ತೀರಿಕೊಂಡರೆ ದುಃಖಕ್ಕೆ ಒಂದು ವಿಧಿಯುಂಟು. ಬಂಧುಗಳು ಬರುವರು, ಹತ್ತು ದಿನ ಆಶೌಚವುಂಟು, ತಿಲೋದಕವುಂಟು, ಆಮೇಲೆ ಶುಭಸ್ವೀಕಾರವುಂಟು. ಈ ಕ್ರಮವನ್ನು ಹಿಡಿದು ನಡೆಯುತ್ತ ನಡೆಯುತ್ತ ದುಃಖಿತನಾದವನು ಮೆಲ್ಲನೆ ಲೋಕವ್ಯವಹಾರಕ್ಕೆ ಹಿಂದಿರುಗುವನು. ಆದರೆ ಹದಿನಾಲ್ಕು ವರ್ಷ ಬಾಗಿಲನ್ನು ಕಾಯ್ದ ನಾಯಿ ಸತ್ತರೆ ಇದಾವುದೂ ಇಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಹೂಳಿ, ಸ್ನಾನಮಾಡಿ, ಎಂದಿನಂತೆ ಊಟಕ್ಕೆ ಕುಳಿತುಕೊಳ್ಳಬೇಕು. ಯಾರೂ ವಿಚಾರಿಸಲು ಬರುವುದಿಲ್ಲ. ಅತ್ತರೆ ನಗುವವರುಂಟು. ವಿಧಿಯಿಲ್ಲದ ಈ ದುಃಖವು ಎಲ್ಲಿಗೆ ಹೋಗಬೇಕು? ಅದು ದುಃಖವೋ, ಕೇವಲ ಮೋಹವೋ?

ಒಬ್ಬ ಗೃಹಸ್ಥನ ಸಂಗತಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅವನ ಮನೆಯಲ್ಲಿ ಕೆಂಚನೆಂಬ ನಾಯಿಯೊಂದಿತ್ತು. ಮಕ್ಕಳೊಡನೆ ಬೆಳೆದು, ಮಕ್ಕಳು ಊರು ಬಿಟ್ಟ ಮೇಲೆ ಯಜಮಾನನ ಜತೆಗಾರನಾಗಿ ಉಳಿದಿತ್ತು. ಸಂಜೆ ಅವನು ಕೆರೆಯ ಏರಿಯ ಮೇಲೆ ಹೊರಟರೆ ಹತ್ತು ಹೆಜ್ಜೆ ಮುಂದೆ ಹೋಗಿ, ನಿಂತು, ತಿರುಗಿ ನೋಡುತ್ತಿತ್ತು. ಮುಪ್ಪಿನಲ್ಲಿ ಅದರ ಕಣ್ಣು ಹೋಯಿತು, ಹಿಂಗಾಲುಗಳು ಸೋತುವು. ಜಗುಲಿ ಹೊಲಸಾಗುವುದೆಂದು ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿದರು. ಕಡೆಯ ರಾತ್ರಿ ಅದು ಬಹಳ ಹೊತ್ತು ಕುಂಯ್‌ಗುಟ್ಟಿತು. ಯಜಮಾನನು ಕೇಳಿದನು, ಮಳೆ ಬೀಳುತ್ತಿದ್ದುದರಿಂದ ಬೆಳಗ್ಗೆ ನೋಡಿದರಾಯಿತೆಂದು ಹೊದಿಕೆಯನ್ನು ಎಳೆದುಕೊಂಡನು. ಬೆಳಗ್ಗೆ ಅದು ತಣ್ಣಗಾಗಿತ್ತು. ಅಂದು ಅವನಿಗೆ ಅನ್ನ ಸೇರಲಿಲ್ಲ. “ನಾಯಿಗಾಗಿ ಊಟ ಬಿಟ್ಟರೆಂದರೆ ನಾಲ್ಕು ಜನ ಏನಂದುಕೊಂಡಾರು?” ಎಂದು ಮನೆಯಾಕೆ ಮೆಲ್ಲನೆ ಹೇಳಿದಳು. ನಾಯಿ ಸತ್ತುದಷ್ಟೇ ಅಲ್ಲ, ತಾನು ಏಳಲಿಲ್ಲವೆಂಬುದೂ ಅವನನ್ನು ಬಾಧಿಸುತ್ತಿದ್ದುದು ಆಕೆಗೆ ತಿಳಿದಿರಲಿಲ್ಲ.

ಶಾಸ್ತ್ರಜ್ಞರು ಇಂಥವನಿಗೆ ಒಡನೆಯೇ ಭರತರಾಜರ್ಷಿಯ ಕಥೆಯನ್ನು ಹೇಳುವರು. ಭಾಗವತದ ಐದನೆಯ ಸ್ಕಂಧದಲ್ಲಿ ಆ ಕಥೆ ಬರುತ್ತದೆ. ರಾಜ್ಯವನ್ನು ಬಿಟ್ಟು ಗಂಡಕೀತೀರದಲ್ಲಿ ತಪಸ್ಸಿಗೆ ಕುಳಿತ ಆ ಮಹಾತ್ಮನು, ಸಿಂಹಗರ್ಜನೆಗೆ ಬೆದರಿದ ತುಂಬುಗಬ್ಬದ ಹುಲ್ಲೆಯೊಂದು ಹೊಳೆಯನ್ನು ದಾಟಲು ನೆಗೆದಾಗ ನೀರಿಗೆ ಬಿದ್ದ ಅದರ ಮರಿಯನ್ನು ಎತ್ತಿ ಸಾಕಿದನು. ಯಮನಿಯಮಗಳು ಒಂದೊಂದಾಗಿ ಬಿಟ್ಟುಹೋದುವು. ಮರಣಕಾಲದಲ್ಲಿಯೂ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದನು. ಪ್ರಾಣಿಯ ಮೇಲಿನ ಮಮತೆಯು ರಾಜರ್ಷಿಯನ್ನೂ ಕೆಡವಿತೆಂದ ಮೇಲೆ ಸಾಮಾನ್ಯರ ಪಾಡೇನು ಎಂಬುದು ಅವರ ವಾದ.

ವಾದವು ಹಗುರವಾದುದಲ್ಲ. ಆದರೆ ಕಥೆಯಲ್ಲಿ ದೋಷವೆಲ್ಲಿದೆಯೆಂಬುದನ್ನು ಎಚ್ಚರದಿಂದ ನೋಡಬೇಕು. ಮುಳುಗುತ್ತಿದ್ದ ಮರಿಯನ್ನು ಎತ್ತಿದುದು ದೋಷವಲ್ಲ. ಎತ್ತದೆ ಜಪವನ್ನು ಮುಂದುವರಿಸಿದ್ದರೆ ಆ ಜಪವನ್ನು ಯಾರೂ ಹೊಗಳುತ್ತಿರಲಿಲ್ಲ. ಇತರ ಕರ್ತವ್ಯಗಳೆಲ್ಲ ಆ ಒಂದು ಮಮತೆಯಲ್ಲಿ ಕರಗಿಹೋದುವು, ಅಲ್ಲಿ ದೋಷ. ದಯೆಯಾಗಿ ಮೊದಲಾದುದು ‘ನನ್ನದು’ ಎಂಬ ಬಿಗಿತವಾಗಿ ಮುಗಿಯಿತು. ಹಾಗಾದರೆ ಮಮತೆಯು ದಯೆಯಾಗಿಯೇ ಕಡೆಯವರೆಗೆ ನಿಂತ ದೃಷ್ಟಾಂತವುಂಟೆ?

ಉಂಟು. ಅದು ಮಹಾಭಾರತದ ಹದಿನೇಳನೆಯದಾದ ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ಕನ್ನಡದ ಮನೆಗಳಲ್ಲಿ ಗಮಕಿಗಳು ಓದುವ ಕುಮಾರವ್ಯಾಸನ ಭಾರತವು ಗದಾಪರ್ವದೊಡನೆ ಮುಗಿಯುವುದರಿಂದ ಆ ಭಾಗವು ಅನೇಕರ ಕಿವಿಗೆ ಬಿದ್ದಿರುವುದಿಲ್ಲ. ಆ ಗೃಹಸ್ಥನು ಕೆಂಚನನ್ನು ಹೂಳಿದ ಕೆಲವು ದಿನಗಳ ಮೇಲೆ ಬೀರುವಿನಲ್ಲಿದ್ದ ಹಳೆಯ ವಚನಭಾರತವೊಂದನ್ನು ತೆಗೆದು ಅದನ್ನು ಓದಿದನು.

ಪಾಂಡವರೈವರೂ ದ್ರೌಪದಿಯೂ ಹಸ್ತಿನಾವತಿಯಿಂದ ಹೊರಟಾಗ ಏಳನೆಯದಾಗಿ ಒಂದು ನಾಯಿ ಹಿಂಬಾಲಿಸಿತು. ದಾರಿಯಲ್ಲಿ ದ್ರೌಪದಿಯು ಬಿದ್ದಳು. ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮರು ಬಿದ್ದರು. ಧರ್ಮರಾಜನು ಹಿಂದಿರುಗಿ ನೋಡದೆ ನಡೆದನು, ನಾಯಿಯೊಂದೇ ಜತೆಗಿತ್ತು. ಇಂದ್ರನು ರಥವನ್ನು ತಂದು ಏರೆಂದನು. ನಾಯಿಯೂ ಬರಲಿ, ಅದು ತನ್ನ ಭಕ್ತವೆಂದು ಧರ್ಮರಾಜನೆಂದನು. ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದು ಇಂದ್ರನೆಂದನು. ಶರಣುಬಂದವನನ್ನು ಒಪ್ಪಿಸಿಬಿಡುವುದು, ಸ್ತ್ರೀವಧೆ, ಬ್ರಾಹ್ಮಣನ ಸ್ವತ್ತನ್ನು ಕಸಿಯುವುದು, ಮಿತ್ರದ್ರೋಹ ಈ ನಾಲ್ಕಕ್ಕೂ ಭಕ್ತನನ್ನು ತ್ಯಜಿಸುವುದು ಸಮವೆಂಬುದು ಧರ್ಮರಾಜನ ನಿಲುವು. ಆಗ ಇಂದ್ರನು ಮರ್ಮಕ್ಕೆ ತಾಗುವಂತೆ ಕೇಳುವನು: ತಮ್ಮಂದಿರನ್ನೂ ದ್ರೌಪದಿಯನ್ನೂ ಬಿಟ್ಟುಬಂದವನು ನಾಯಿಯನ್ನೇಕೆ ಬಿಡಲಾರೆ? ಅದಕ್ಕೆ ಬಂದ ಉತ್ತರದ ತಾತ್ಪರ್ಯವಿಷ್ಟು: ಸತ್ತವರೊಡನೆ ಮನುಷ್ಯರಿಗೆ ಸಂಧಿಯೂ ಇಲ್ಲ, ವಿಗ್ರಹವೂ ಇಲ್ಲ. ಅವರನ್ನು ಬದುಕಿಸಲು ಸಾಧ್ಯವಿರಲಿಲ್ಲವಾದುದರಿಂದ ಬಿಟ್ಟುದಾಯಿತು, ಬದುಕಿದ್ದಾಗ ಬಿಡಲಿಲ್ಲ.

ಆ ನಾಯಿಯು ಯಮಧರ್ಮನೇ ಎಂದು ಕಥೆಯ ಕೊನೆಗೆ ತಿಳಿಯುತ್ತದೆ. ಆದರೆ ವಾದಿಸುವಾಗ ಯುಧಿಷ್ಠಿರನಿಗೆ ಅದು ತಿಳಿದಿರಲಿಲ್ಲ. ಅವನ ಪಾಲಿಗೆ ಅದು ದಾರಿಯ ನಾಯಿಯೇ. ಆದುದರಿಂದಲೇ ಆ ಮಾತಿಗೆ ಬೆಲೆ.

ಇದನ್ನು ಓದಿ ಆ ಗೃಹಸ್ಥನಿಗೆ ಸಮಾಧಾನವಾಯಿತೆ? ಅರ್ಧ ಮಾತ್ರ ಆಯಿತು. ನಾಯಿಗಾಗಿ ಮರುಗುವುದು ಹಾಸ್ಯಾಸ್ಪದವಲ್ಲವೆಂಬ ಧೈರ್ಯವು ಬಂದಿತು. ಆದರೆ ‘ಬದುಕಿದ್ದಾಗ ಬಿಡಲಿಲ್ಲ’ ಎಂಬ ಮಾತು ಮುಳ್ಳಾಗಿ ನಟ್ಟಿತು. ತಾನು ಬಿಟ್ಟಿದ್ದನಲ್ಲವೆ? ಕೊಟ್ಟಿಗೆಯೂ ಆ ಮಳೆಯೂ ನೆನಪಿಗೆ ಬಂದುವು.

ಇದೇ ಮುಳ್ಳು ಯವನಕವಿ ಹೋಮರನಲ್ಲಿಯೂ ಇದೆ. ‘ಒಡಿಸ್ಸಿ’ ಮಹಾಕಾವ್ಯದ ಹದಿನೇಳನೆಯ ಸರ್ಗದಲ್ಲಿ ಒಡಿಸ್ಯೂಸನು ಇಪ್ಪತ್ತನೆಯ ವರ್ಷದಲ್ಲಿ, ಭಿಕ್ಷುಕನ ವೇಷದಿಂದ, ತನ್ನ ಅರಮನೆಯ ಬಾಗಿಲಿಗೆ ಬರುವನು. ತ್ರಾಯ್ ಯುದ್ಧಕ್ಕೆ ಹೊರಡುವ ಮೊದಲು ಅವನೇ ಸಾಕಿದ್ದ ಆರ್ಗೋಸ್ ಎಂಬ ಬೇಟೆನಾಯಿ ಅಲ್ಲಿ ಸೆಗಣಿಯ ರಾಶಿಯ ಮೇಲೆ, ಉಣ್ಣೆ ಹತ್ತಿ, ಕೇಳುವವರಿಲ್ಲದೆ ಮಲಗಿದೆ. ಮನುಷ್ಯರಾರೂ ಗುರುತಿಸದ ಒಡೆಯನನ್ನು ಅದು ಗುರುತಿಸುತ್ತದೆ. ಬಾಲವಾಡಿಸಿ ಕಿವಿಯಿಳಿಸುತ್ತದೆ, ಎದ್ದು ಬಳಿಗೆ ಬರಲು ಶಕ್ತಿಯಿಲ್ಲ. ಗುಟ್ಟು ಬಯಲಾಗುವುದೆಂದು ಅವನೂ ಅದನ್ನು ಮುಟ್ಟಿ ಮಾತನಾಡಿಸುವಂತಿಲ್ಲ. ಜತೆಗಾರನಿಗೆ ಕಾಣದಂತೆ ಕಣ್ಣೊರಸಿಕೊಂಡು ಒಳಗೆ ಹೋಗುವನು; ನಾಯಿ ಪ್ರಾಣಬಿಡುತ್ತದೆ. ಮಹಾವೀರನೂ ನಾಯಿಗಾಗಿ ಸುರಿಸಿದ ಕಣ್ಣೀರನ್ನು ಮರೆಮಾಡಬೇಕಾಯಿತು. ಅವನೂ ಕಡೆಯ ಗಳಿಗೆಯಲ್ಲಿ ಅದರ ಬಳಿಗೆ ಹೋಗಲಾರದವನಾದನು.

ಹೀಗೆ ಒಂದು ದುಃಖದ ಮೇಲೆ ಇನ್ನೊಂದು ದುಃಖದ ಕಥೆಯನ್ನು ಓದಿದರೆ ಭಾರವು ಇಮ್ಮಡಿಯಾಗಬೇಕು, ಆಗುವುದಿಲ್ಲವೇಕೆ? ಆಲಂಕಾರಿಕರು ಇದನ್ನು ಆಳವಾಗಿ ವಿಚಾರಿಸಿರುವರು. ವ್ಯಾಧನ ಬಾಣಕ್ಕೆ ಬಿದ್ದ ಕ್ರೌಂಚಪಕ್ಷಿಯನ್ನು ಕಂಡು ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬುದು ಪ್ರಸಿದ್ಧ. ಆದಿಕಾವ್ಯವು ಹೊರಟದ್ದೇ ಒಂದು ಹಕ್ಕಿಯ ಸಾವಿನಿಂದ. ಆದರೆ ‘ಧ್ವನ್ಯಾಲೋಕ’ಕ್ಕೆ ‘ಲೋಚನ’ವೆಂಬ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು, ಅದನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಎಚ್ಚರಿಸುವನು. ಸ್ವಂತದ ದುಃಖದಲ್ಲಿ ಬೇಯುತ್ತಿರುವವನಿಗೆ ಶ್ಲೋಕವೆಲ್ಲಿಯದು? ‘ನನ್ನದು’ ಎಂಬ ಕಟ್ಟು ಸಡಿಲಿ ಅದು ಎಲ್ಲರ ಹೃದಯಕ್ಕೂ ಸಲ್ಲುವಂತಾದಾಗ ಶೋಕವು ಕರುಣರಸವಾಗುತ್ತದೆ. ಇದಕ್ಕೆ ಭಟ್ಟನಾಯಕನು ಸಾಧಾರಣೀಕರಣವೆಂಬ ಹೆಸರನ್ನಿಟ್ಟನು.

ಭರತರಾಜರ್ಷಿಯನ್ನು ಕೆಡವಿದುದು ಈ ‘ನನ್ನದು’ ಎಂಬ ಕಟ್ಟೇ ಅಲ್ಲವೆ? ಕಾವ್ಯವು ದುಃಖವನ್ನು ಅಳಿಸುವುದಿಲ್ಲ, ಅದರೊಳಗಿನ ಆ ಬಿಗಿತವನ್ನು ಸಡಿಲಿಸುತ್ತದೆ. ಆರ್ಗೋಸನ ಕಥೆಯನ್ನು ಓದುವವನು ಕೆಂಚನನ್ನು ಮರೆಯುವುದಿಲ್ಲ; ಕೆಂಚನಂತೆ ಕಾಯ್ದವುಗಳೂ ತನ್ನಂತೆ ತಪ್ಪಿದವರೂ ಹಿಂದೆ ಎಷ್ಟೋ ಮಂದಿ ಇದ್ದರೆಂದು ಕಾಣುವನು. ಆಗ ಅವನ ದುಃಖವು ಒಂಟಿಯಾಗಿರುವುದಿಲ್ಲ, ನಾಚಿಕೆಗೂ ಕಾರಣವಿರುವುದಿಲ್ಲ.

ವಿಧಿಯಿಲ್ಲವೆಂದು ಮೊದಲು ಹೇಳಿದುದಕ್ಕೆ ಕನ್ನಡನಾಡಿನಲ್ಲಿ ಒಂದು ಅಪವಾದವೂ ಉಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಶಕವರ್ಷ 872ರದು, ಎಂದರೆ ಕ್ರಿ. ಶ. 949-50ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಯುದ್ಧದ ವಾರ್ತೆ ಅದರಲ್ಲಿದೆ. ಆ ಯುದ್ಧದಲ್ಲಿ ಕಾದಿದ ಮಣಲೆರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಊರನ್ನೂ ಬೇಡಲಿಲ್ಲ, ಹೊನ್ನನ್ನೂ ಬೇಡಲಿಲ್ಲ. ಕಾಳಿಯೆಂಬ ನಾಯಿಯನ್ನು ಬೇಡಿದನು. ಆ ನಾಯಿಯು ಮುಂದೆ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಮಣಲೆರನು ಚಲ್ಲೇಶ್ವರದ ಮುಂದೆ ಕಲ್ಲನ್ನು ನೆಡಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಪೂಜಾರಿಯು ಉಣ್ಣಬಾರದೆಂದು ಕಟ್ಟುಮಾಡಿದನು. ನಾಯಿಯ ದುಃಖಕ್ಕೆ ಸಾವಿರ ವರ್ಷಗಳ ಹಿಂದೆ ಒಬ್ಬ ಯೋಧನು ವಿಧಿಯನ್ನು ತಾನೇ ನಿರ್ಮಿಸಿದನು. ಸಾಮ್ರಾಜ್ಯಗಳ ಯುದ್ಧವೂ ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ನಿಂತುವು.

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುತ್ತದೆ, ಅದನ್ನು ಮರೆಮಾಚಬಾರದು. ಕಾವ್ಯದ ನಾಯಿಗಾಗಿ ಅಳುವುದು ಸುಲಭ. ಅದು ಹೊಲಸು ಮಾಡುವುದಿಲ್ಲ, ಮಳೆಯ ರಾತ್ರಿಯಲ್ಲಿ ಎಬ್ಬಿಸುವುದಿಲ್ಲ. ಆರ್ಗೋಸನಿಗಾಗಿ ಕಣ್ಣೊರಸಿಕೊಂಡವನ ಹಿತ್ತಲಲ್ಲಿಯೇ ಇನ್ನೊಂದು ಮುದಿಪ್ರಾಣಿ ಕುಂಯ್‌ಗುಟ್ಟುತ್ತಿದ್ದರೆ ಆ ಕಣ್ಣೀರು ಯಾವ ಪ್ರಯೋಜನಕ್ಕೆ? ರಸಾನುಭವವು ಮನಸ್ಸನ್ನು ಮೆದುಗೊಳಿಸಿ ಅಷ್ಟಕ್ಕೇ ನಿಂತರೆ ಅದೂ ಮೋಹದ ಇನ್ನೊಂದು ರೂಪವೇ. ಸತ್ತವರೊಡನೆ ಸಂಧಿಯಿಲ್ಲ, ಮಾಡಿದ ತಪ್ಪನ್ನು ಅವರ ಬಳಿ ತಿದ್ದಿಕೊಳ್ಳಲು ಬರುವುದಿಲ್ಲ. ತಿದ್ದಿಕೊಳ್ಳುವುದಾದರೆ ಬದುಕಿರುವವರ ಬಳಿಯೇ ತಿದ್ದಿಕೊಳ್ಳಬೇಕು. ಧರ್ಮರಾಜನ ಉತ್ತರದಲ್ಲಿ ಸಮಾಧಾನವೂ ಆಜ್ಞೆಯೂ ಒಟ್ಟಿಗಿವೆ. ಆಜ್ಞೆಯನ್ನು ಬಿಟ್ಟು ಸಮಾಧಾನವನ್ನು ಮಾತ್ರ ತೆಗೆದುಕೊಳ್ಳುವವನಿಗೆ ಅದು ಬಹುಕಾಲ ನಿಲ್ಲದು.

ಆ ಗೃಹಸ್ಥನ ಮನೆಯಲ್ಲಿ ಎಂಬತ್ತು ದಾಟಿದ ಅಕ್ಕನೊಬ್ಬಳು ಒಳಕೋಣೆಯಲ್ಲಿ ಮಲಗಿರುತ್ತಿದ್ದಳು. ಅವಳಿಗೂ ಕಣ್ಣು ಮಂಜಾಗಿತ್ತು. ರಾತ್ರಿಯ ಹೊತ್ತು ಎರಡು ಮೂರು ಸಲ ಕೂಗುವುದು ಅವಳ ವಾಡಿಕೆ. ಮೂರನೆಯ ಕೂಗಿಗೆ ಯಾರಾದರೂ ಏಳುವುದು ಮನೆಯವರ ವಾಡಿಕೆ. ಪುಸ್ತಕವನ್ನು ಮುಗಿಸಿ ದೀಪವಾರಿಸಿದ ಆ ರಾತ್ರಿ ಮತ್ತೆ ಮಳೆ ಹಿಡಿದಿತ್ತು. “ತಮ್ಮಾ, ಒಂದು ಗುಟುಕು ನೀರು” ಎಂದು ಒಳಗಿನಿಂದ ಮೊದಲನೆಯ ಕೂಗು ಕೇಳಿಸಿತು. ಅವನು ಎದ್ದು, ಕತ್ತಲಲ್ಲಿಯೇ ತಡವಿಕೊಂಡು, ತಂಬಿಗೆಯನ್ನು ತೆಗೆದುಕೊಂಡು ಹೋದನು.